ಹೌದು, ನೆಲವೇ ಡೊಂಕು!

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬುದು ನಮ್ಮಲ್ಲಿ ಬಹು ಪ್ರಸಿದ್ಧವಾದ ಗಾದೆ. ಪ್ರೌಢಶಾಲೆಯ ಪರೀಕ್ಷೆಗಳಲ್ಲಿ ಗಾದೆಯ ವಿಸ್ತರಣೆಗೆಂದು ಅದು ವರ್ಷ ಬಿಟ್ಟು ವರ್ಷ ಬರುತ್ತಲೇ ಇರುತ್ತದೆ. ‘ತನ್ನ ಅಸಾಮರ್ಥ್ಯವನ್ನು ಮರೆಮಾಚಲು ಅನ್ಯರನ್ನು ದೂಷಿಸಬಾರದು’ ಎಂದು ಬರೆದ ಮಕ್ಕಳಿಗೆಲ್ಲ ಪೂರ್ಣ ಅಂಕ. ಆದರೆ ಆ ಬಡಪಾಯಿ ಹೆಂಗಸಿನ ಪರವಾಗಿ ಯಾರಾದರೂ ಒಂದು ಮಾತು ಆಡಿದ್ದುಂಟೆ? ಆಕೆ ಹೇಳಿದ್ದು ನಿಜವೇ ಇರಬಹುದಲ್ಲವೆ, ಒಮ್ಮೆ ನೆಲವನ್ನೂ ನೋಡಿ ಬರೋಣ ಎಂದು ಯಾರಿಗಾದರೂ ಅನ್ನಿಸಿದ್ದುಂಟೆ? ನಾನು ಇಂದು ಆಕೆಯ ವಕಾಲತ್ತು ವಹಿಸಲು ಕುಳಿತಿದ್ದೇನೆ.

ಇದಕ್ಕೆ ಕಾರಣವಿದೆ. ನಿವೃತ್ತಿಯ ನಂತರ ನಾನೂ ನಮ್ಮ ಯಜಮಾನರೂ ಬಾಲ್‌ರೂಂ ನೃತ್ಯವನ್ನು ಕಲಿಯುತ್ತಿದ್ದೇವೆ ಎಂಬ ಸುದ್ದಿ ಬಂಧುವರ್ಗದಲ್ಲಿ ಹೇಗೋ ಹರಡಿತು. ಇತ್ತೀಚೆಗೆ ಒಂದು ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯ ನಡುವೆಯೇ, ಹಿರಿಯ ಬಂಧುಗಳೊಬ್ಬರು ಎಲ್ಲರಿಗೂ ಕೇಳುವಂತೆ, “ಅಲ್ಲಮ್ಮಾ, ನಾಲ್ಕು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ಮೇಷ್ಟರಮ್ಮ ನೀನು. ಈ ವಯಸ್ಸಿನಲ್ಲಿ ಗಂಡನ ಕೈ ಹಿಡಿದುಕೊಂಡು ಕುಣಿಯುವುದೇ? ಸ್ವಲ್ಪವಾದರೂ ನಾಚಿಕೆ ಬೇಡವೇ?” ಎಂದರು. ಅವರ ವಯಸ್ಸಿಗೆ ಗೌರವ ಕೊಟ್ಟು ಅಲ್ಲಿ ನಾನು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾದ ಅಗತ್ಯವಿಲ್ಲ.

ಅವರ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತಿನದು: ‘ಬೇಡ’. ಏಕೆ ಬೇಡ ಎಂಬುದನ್ನು ವಿವರಿಸುವುದಕ್ಕೆ ಮಾತ್ರ ಈ ಬರಹ.

ಮೊದಲು, ಬಾಲ್‌ರೂಂ ನೃತ್ಯವೆಂದರೆ ಹಿಂದಿ ಚಲನಚಿತ್ರಗಳಲ್ಲಿ ಖಳನಾಯಕನ ಅಡ್ಡೆಯಲ್ಲಿ ನಡೆಯುವ ಮೋಜೆಂದು ತಿಳಿದಿರುವ ಓದುಗರಿಗಾಗಿ ನಾಲ್ಕು ಮಾತು. ಇದು ಇಬ್ಬರು ಜೊತೆಗೂಡಿ, ಗೊತ್ತಾದ ಹೆಜ್ಜೆಗಳನ್ನು, ಗೊತ್ತಾದ ತಾಳಕ್ಕೆ ಇಡುವ ಕಲೆ. ವಾಲ್ಟ್ಸ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಎಂಬ ಐದು ಇದರ ಮುಖ್ಯ ಪ್ರಕಾರಗಳು. ಗಂಡಸಿನ ಎಡಗೈಯಲ್ಲಿ ಹೆಂಗಸಿನ ಬಲಗೈ. ಅವನ ಬಲಗೈ ಅವಳ ಬೆನ್ನಿನ ಮೇಲ್ಭಾಗದಲ್ಲಿ. ಅವಳ ಎಡಗೈ ಅವನ ತೋಳಿನ ಮೇಲೆ. ಎಲ್ಲ ಜೋಡಿಗಳೂ ಅಂಗಳದ ಸುತ್ತ ಅಪ್ರದಕ್ಷಿಣವಾಗಿ ಚಲಿಸಬೇಕು. ಯಾರೂ ಎದುರು ದಿಕ್ಕಿನಿಂದ ಬರುವಂತಿಲ್ಲ. ಕನ್ನಡ ಮೇಷ್ಟರಮ್ಮನ ಭಾಷೆಯಲ್ಲಿ ಹೇಳುವುದಾದರೆ, ವಾಲ್ಟ್ಸ್ ಎಂಬುದು ಮೂರು ಮಾತ್ರೆಯ ಗಣಗಳ ಉತ್ಸಾಹ ರಗಳೆ. ಫಾಕ್ಸ್‌ಟ್ರಾಟ್ ನಾಲ್ಕು ಮಾತ್ರೆಯ ಮಂದಾನಿಲ ರಗಳೆ. ಸಂಗೀತ ಬಲ್ಲವರು ‘ತಕಿಟ ತಕಿಟ’ ಎಂದು ಹೇಳಿಕೊಂಡರೆ ವಾಲ್ಟ್ಸಿನ ಅರ್ಧ ಪಾಠ ಮುಗಿದಂತೆಯೇ. ನಿಧಾನದ ವಾಲ್ಟ್ಸಿನಲ್ಲಿ ನಿಮಿಷಕ್ಕೆ ಸುಮಾರು 30 ‘ತಕಿಟ’ಗಳು, ವಿಯೆನ್ನಾದ ವಾಲ್ಟ್ಸಿನಲ್ಲಿ ಅದರ ಇಮ್ಮಡಿ. ಇಷ್ಟೇ ವಿಷಯ. ಇದರಲ್ಲಿ ಅಸಹ್ಯವೆಲ್ಲಿದೆ ಎಂದು ಕೇಳಿದರೆ ಮೂರು ಬಗೆಯ ಉತ್ತರಗಳು ಬರುತ್ತವೆ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು: ‘ಇದು ಪರದೇಶದ್ದು, ಅಸಭ್ಯ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ.’

ತಮಾಷೆಯೆಂದರೆ, ಈ ಮಾತನ್ನು ಮೊದಲು ಆಡಿದವರು ನಾವಲ್ಲ, ಇಂಗ್ಲಿಷರು! ಜರ್ಮನ್ ಭಾಷಿಕ ನಾಡುಗಳಿಂದ ವಾಲ್ಟ್ಸ್ ಇಂಗ್ಲೆಂಡಿಗೆ ಬಂದಾಗ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1816ರ ಜುಲೈನಲ್ಲಿ, ಅರಮನೆಯಲ್ಲೇ ಇಂತಹ ಅಸಭ್ಯ ಪರದೇಶಿ ನೃತ್ಯ ನಡೆಯಿತಲ್ಲಾ ಎಂದು ಸಂಕಟಪಟ್ಟು, ಹೆಣ್ಣುಮಕ್ಕಳ ತಂದೆತಾಯಿಯರಿಗೆ ಎಚ್ಚರಿಕೆ ಕೊಟ್ಟಿತು. ಅದಕ್ಕೂ ಮೂರು ವರ್ಷ ಮೊದಲು, 1813ರಲ್ಲಿ, ಕವಿ ಬೈರನ್ ಬೇರೆ ಹೆಸರಿನಲ್ಲಿ ವಾಲ್ಟ್ಸನ್ನು ಗೇಲಿ ಮಾಡಿ ಒಂದು ಕಾವ್ಯವನ್ನೇ ಪ್ರಕಟಿಸಿದ್ದ. ಸ್ವಂತ ಜೀವನದಲ್ಲಿ ಯಾವ ಕಟ್ಟುಪಾಡನ್ನೂ ಲೆಕ್ಕಿಸದ ಬೈರನ್ನನಿಗೂ ವಾಲ್ಟ್ಸ್ ಅತಿಯಾಗಿ ಕಂಡಿತೆಂದರೆ ನಗು ಬರುತ್ತದೆ. ಮುಂದೆ 1837ರಲ್ಲಿ ಪಟ್ಟಕ್ಕೆ ಬಂದ ವಿಕ್ಟೋರಿಯಾ ರಾಣಿಯೇ ವಾಲ್ಟ್ಸನ್ನು ಮೆಚ್ಚಿ ಆಡಿದಳು, ಇಂಗ್ಲೆಂಡ್ ಮುಳುಗಿಹೋಗಲಿಲ್ಲ.

ಜಪಾನಿನ ಕತೆಯೂ ಇಂಥದ್ದೇ. 1948ರ ಒಂದು ಕಾಯಿದೆ ಅಲ್ಲಿನ ನೃತ್ಯದ ಸಭಾಂಗಣಗಳನ್ನು ಪೋಲೀಸರ ಕಣ್ಗಾವಲಿನ ಕೆಳಗೆ ತಂದಿತು. ನೃತ್ಯವನ್ನು ಆ ಕಾಯಿದೆಯ ಹಿಡಿತದಿಂದ ಬಿಡಿಸಲು 2015ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಮಸಾಯುಕಿ ಸುವೊ ಎಂಬ ನಿರ್ದೇಶಕರು 1996ರಲ್ಲಿ ಮಾಡಿದ ‘ಶಲ್ ವಿ ಡ್ಯಾನ್ಸ್?’ ಎಂಬ ಜಪಾನೀ ಚಿತ್ರವನ್ನು ಸಾಧ್ಯವಾದರೆ ನೋಡಿರಿ. ನಡುವಯಸ್ಸಿನ ಒಬ್ಬ ಲೆಕ್ಕಿಗ, ಮನೆಗೂ ಕಛೇರಿಗೂ ಗೊತ್ತಾಗದಂತೆ, ಕದ್ದುಮುಚ್ಚಿ ನೃತ್ಯ ಕಲಿಯಲು ಹೋಗುತ್ತಾನೆ. ಗಂಡನ ನಡೆ ಬದಲಾದುದನ್ನು ಕಂಡು ಅನುಮಾನಗೊಂಡ ಹೆಂಡತಿ ಪತ್ತೇದಾರನನ್ನು ನೇಮಿಸುತ್ತಾಳೆ. ಅವನು ಮಾಡುತ್ತಿದ್ದ ಘೋರ ಅಪರಾಧವೆಂದರೆ ಹೆಜ್ಜೆ ಕಲಿಯುತ್ತಿದ್ದುದು! ಆ ಲೆಕ್ಕಿಗನನ್ನು ಜಪಾನಿನಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಬ್ಯಾಂಕುಗಳಲ್ಲಿ, ತಾಲ್ಲೂಕು ಕಛೇರಿಗಳಲ್ಲಿ, ಶಾಲೆಯ ಸಿಬ್ಬಂದಿ ಕೊಠಡಿಗಳಲ್ಲಿ ನೂರಾರು ಮಂದಿ ಇದ್ದಾರೆ.

ಇನ್ನು ‘ನಮ್ಮ ಸಂಸ್ಕೃತಿ’. ಕರ್ನಾಟಕದ ಮಣ್ಣಿಗೆ ಈ ನೃತ್ಯ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಯ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕ್ಲಬ್ಬುಗಳಲ್ಲೂ, ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದ್ದ ರೈಲ್ವೆ ಊರುಗಳ ಇನ್‌ಸ್ಟಿಟ್ಯೂಟುಗಳಲ್ಲೂ ಕ್ರಿಸ್‌ಮಸ್ ಬಂತೆಂದರೆ ವಾಲ್ಟ್ಸ್ ನಡೆಯುತ್ತಿತ್ತು. ಗಣಿ ಮುಚ್ಚಿದ್ದು 2001ರಲ್ಲಿ; ಆ ಕುಟುಂಬಗಳಲ್ಲಿ ಬಹುಪಾಲು ಅದಕ್ಕೆ ಎಷ್ಟೋ ಮೊದಲೇ ದೇಶ ಬಿಟ್ಟಿದ್ದವು. ಅವರೂ ಈ ನೆಲದವರೇ ಆಗಿದ್ದರು ಎಂಬುದನ್ನು ನಾವು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ. ಅದಿರಲಿ, ಕೊಡಗಿನ ಒಂದು ಮದುವೆಗೆ ಹೋಗಿ ಬನ್ನಿ. ವಾಲಗ ಆರಂಭವಾದರೆ ಅಜ್ಜ, ಅಜ್ಜಿ, ಸೊಸೆ, ಮೊಮ್ಮಗ ಎಲ್ಲರೂ ಕೈ ಎತ್ತಿ ಕುಣಿಯುತ್ತಾರೆ. ‘ಈ ವಯಸ್ಸಿನಲ್ಲಿ’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕುಣಿತ ನಮ್ಮ ಸಂಸ್ಕೃತಿಯಲ್ಲಿ ಇಲ್ಲದ್ದಲ್ಲ; ನಾವು ಕಳೆದುಕೊಂಡದ್ದು.

ಎರಡನೆಯ ಆಕ್ಷೇಪ ವಯಸ್ಸಿನದು.

2022ರಲ್ಲಿ ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಅಲ್ಲಿಂದ ರೈಲಿನಲ್ಲಿ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ ಹೋಗಿಬಂದೆವು. 1920ರಿಂದ ಬಾಲ್‌ರೂಂ ನೃತ್ಯದ ಉತ್ಸವ ನಡೆದುಬಂದಿರುವ ಊರದು. ಅಲ್ಲಿನ ಟವರ್ ಬಾಲ್‌ರೂಂ ಎಂಬ ಸಭಾಂಗಣ 1899ರಲ್ಲಿ ತೆರೆದದ್ದು. ಅದರ ನೆಲವನ್ನು 30 ಸಾವಿರಕ್ಕೂ ಹೆಚ್ಚು ಮರದ ತುಂಡುಗಳಿಂದ, ಕಾಲಿಗೆ ತುಸು ಪುಟಿಯುವಂತೆ ಜೋಡಿಸಿದ್ದಾರೆ. ಕುಣಿಯುವವರ ಮೊಣಕಾಲಿಗೆ ನೋವಾಗದಿರಲೆಂದು ಇಷ್ಟು ಮುತುವರ್ಜಿಯಿಂದ ನೆಲ ಹಾಕಿಸಿದ ಜನರನ್ನು ಕಂಡು ನನಗೆ ನಮ್ಮ ಗಾದೆ ನೆನಪಾಯಿತು! ವುರ್ಲಿಟ್ಜರ್ ಆರ್ಗನ್ ನುಡಿಯುತ್ತಿತ್ತು. ವಾರದ ನಡುವಿನ ಒಂದು ಮಧ್ಯಾಹ್ನ; ನೆಲದ ಮೇಲಿದ್ದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಊರುಗೋಲನ್ನು ಕುರ್ಚಿಗೆ ಒರಗಿಸಿಟ್ಟು, ಗಂಡನ ತೋಳು ಹಿಡಿದು ಎದ್ದ ಒಬ್ಬ ಅಜ್ಜಿ ಮೂರು ಸುತ್ತು ವಾಲ್ಟ್ಸ್ ಆಡಿ, ಬಂದು ಕುಳಿತು, ಚಹಾ ಕುಡಿದರು. ಇಬ್ಬರು ವೃದ್ಧೆಯರು ಪರಸ್ಪರ ಜೋಡಿಯಾಗಿ ಆಡುತ್ತಿದ್ದರು. ಯಾರೂ ಯಾರನ್ನೂ ದಿಟ್ಟಿಸಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಮ್ಮಲ್ಲಿ ಆ ವಯಸ್ಸಿನ ದಂಪತಿಗಳು ಮಕ್ಕಳ ಎದುರು ಅಕ್ಕಪಕ್ಕ ಕುಳಿತುಕೊಳ್ಳಲೂ ಸಂಕೋಚಪಡುತ್ತಾರೆ.

ವೈದ್ಯರ ಮಾತನ್ನೇ ನಂಬುವವರಿಗಾಗಿ ಒಂದು ಸಂಗತಿ. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 75 ವರ್ಷ ದಾಟಿದ 469 ಮಂದಿಯನ್ನು ಹಲವು ವರ್ಷ ಗಮನಿಸಲಾಯಿತು. ಓದುವುದು, ವಾದ್ಯ ನುಡಿಸುವುದು ಮುಂತಾದ ಬುದ್ಧಿಯ ಹವ್ಯಾಸಗಳುಳ್ಳವರಲ್ಲಿ ಮರೆಗುಳಿತನ ಕಡಿಮೆ ಕಂಡಿತು. ದೈಹಿಕ ಚಟುವಟಿಕೆಗಳ ಪೈಕಿ ಅಂತಹ ಸಂಬಂಧ ಕಂಡದ್ದು ನೃತ್ಯದಲ್ಲಿ ಮಾತ್ರ. ಇದರಿಂದ ನೃತ್ಯವೇ ಔಷಧವೆಂದು ಸಿದ್ಧವಾಗುವುದಿಲ್ಲ. ಗಟ್ಟಿಮುಟ್ಟಾಗಿದ್ದವರೇ ಕುಣಿಯಲು ಹೋದರೆಂದೂ ವಾದಿಸಬಹುದು. ಆದರೂ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಸೊಸೆಯರನ್ನು ದೂರುವುದಕ್ಕಿಂತ ಇದು ಮಿಗಿಲೆಂದು ಹೇಳಲು ಯಾವ ಅಧ್ಯಯನವೂ ಬೇಡ.

ಈಗ ಮೂರನೆಯ ಪಕ್ಷಕ್ಕೆ ಬರುತ್ತೇನೆ. ನನ್ನ ನಿಜವಾದ ಜಗಳವಿರುವುದು ಇವರೊಡನೆ. ಇವರು ಆಧುನಿಕರು. ನೃತ್ಯವನ್ನು ಇವರು ವಿರೋಧಿಸುವುದಿಲ್ಲ. ಮದುವೆಯ ಹಿಂದಿನ ದಿನ ‘ಸಂಗೀತ್’ ಎಂದು ಧ್ವನಿವರ್ಧಕ ಹಾಕಿ, ಮೂಲೆಯಲ್ಲಿ ಕುಳಿತವರನ್ನು ಕೈ ಹಿಡಿದು ಎಳೆದು, “ನಾಚಿಕೆ ಬಿಡಿ ಆಂಟೀ, ಹೇಗೆ ಬೇಕೋ ಹಾಗೆ ಕುಣಿಯಿರಿ, ಯಾರೂ ನೋಡುವುದಿಲ್ಲ” ಎನ್ನುವವರು ಇವರೇ. ಎಲ್ಲರ ಕೈಯಲ್ಲೂ ಮೊಬೈಲು ಎತ್ತಿ ಹಿಡಿದು ಚಿತ್ರೀಕರಿಸುವವರೂ ಇವರೇ!

‘ನಾಚಿಕೆ ಬಿಡು’ ಎಂಬುದು ಉಪದೇಶವೇ ಅಲ್ಲ. ಈಜು ಬಾರದವನನ್ನು ಬಾವಿಗೆ ತಳ್ಳಿ ‘ಹೆದರಬೇಡ’ ಎಂದ ಹಾಗೆ. ‘ಹೇಗೆ ಬೇಕೋ ಹಾಗೆ’ ಎಂಬುದಂತೂ ಸಂಕೋಚವುಳ್ಳವರಿಗೆ ಕೊಡುವ ಅತಿದೊಡ್ಡ ಶಿಕ್ಷೆ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಗೊತ್ತಿಲ್ಲದಿದ್ದರಿಂದಲೇ ಅಲ್ಲವೆ ಅವರು ಸಂಕೋಚಪಡುವುದು? ಅವರಿಗೆ ಬೇಕಾದುದು ಸ್ವಾತಂತ್ರ್ಯವಲ್ಲ, ನಿಯಮ. ಛಂದಸ್ಸು ಕಲಿತ ವಿದ್ಯಾರ್ಥಿ ಧೈರ್ಯವಾಗಿ ನಾಲ್ಕು ಸಾಲು ಕಟ್ಟುತ್ತಾನೆ. ‘ಏನು ಬೇಕಾದರೂ ಬರೆ’ ಎಂದರೆ ಪೆನ್ನು ಕಚ್ಚುತ್ತಾ ಕೂರುತ್ತಾನೆ. ಇದನ್ನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಕಂಡವಳು ನಾನು.

ಬಾಲ್‌ರೂಂ ನೃತ್ಯದ ಹಿರಿಮೆ ಇರುವುದು ಇಲ್ಲಿಯೇ. ವಾಲ್ಟ್ಸಿನ ಮೊದಲ ಪಾಠ ಒಂದು ಚೌಕ. ಗಂಡಸು ಎಡಗಾಲು ಮುಂದಿಡುತ್ತಾನೆ, ಹೆಂಗಸು ಬಲಗಾಲು ಹಿಂದಿಡುತ್ತಾಳೆ, ಪಕ್ಕಕ್ಕೆ, ಕೂಡಿಸು. ಆರು ಎಣಿಕೆಗೆ ಚೌಕ ಮುಗಿಯುತ್ತದೆ. ಮುಂದೇನು ಎಂಬ ಭಯವಿಲ್ಲ, ಏಕೆಂದರೆ ಮುಂದೇನೆಂಬುದು ಗೊತ್ತಿದೆ. ಕೈಗಳಿಗೆ ಜಾಗ ಗೊತ್ತಿದೆ. ನಮ್ಮ ಶಿಕ್ಷಕಿ ಹೇಳಿದ ಒಂದು ನಿಯಮ ನನ್ನನ್ನು ಬೆರಗುಗೊಳಿಸಿತು: ಇಬ್ಬರೂ ತಂತಮ್ಮ ಎಡಕ್ಕೆ ಮುಖವಿಟ್ಟು, ಎದುರಿನವರ ಬಲ ಭುಜದಾಚೆಗೆ ನೋಡಬೇಕು. ಅಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂಬ ಕಡ್ಡಾಯವೇ ಇಲ್ಲ! ಸಂಕೋಚದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ದಯೆ ಯಾವುದು? ಹಾಡು ಮುಗಿದರೆ ‘ಧನ್ಯವಾದ’ ಹೇಳಿ ಸಂಗಾತಿಯನ್ನು ಕುರ್ಚಿಯವರೆಗೆ ಬಿಟ್ಟುಬರಬೇಕು. ಮಾತು ಹುಡುಕುವ ಕಷ್ಟವೂ ಇಲ್ಲ.

ನಮ್ಮ ಯಜಮಾನರು ಸ್ವಭಾವತಃ ಬಹು ಸಂಕೋಚದವರು. ಮದುವೆಯ ಮನೆಗಳಲ್ಲಿ ಕಂಬದ ಹಿಂದಿನ ಕುರ್ಚಿಯೇ ಅವರಿಗೆ ಪ್ರಿಯ. ನೃತ್ಯಶಾಲೆಯಲ್ಲಿ ಮೊದಲ ಎರಡು ವಾರ ಅವರು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ನಾನು ಸೀರೆಯ ನಿರಿಗೆ ತೊಡರದಂತೆ ಹಿಂದೆ ಹೆಜ್ಜೆಯಿಡುವುದು ಹೇಗೆಂಬ ಚಿಂತೆಯಲ್ಲಿದ್ದೆ; ಕೊನೆಗೆ ಆ ತರಗತಿಗೆಂದೇ ಎರಡು ಚೂಡಿದಾರ ಹೊಲಿಸಿದೆ. ಮೂರನೆಯ ವಾರ ಜೋಡಿ ಬದಲಿಸುವ ಪಾಠ. ಅಪರಿಚಿತ ಯುವತಿಯೊಬ್ಬಳು ಅವರೆದುರು ಬಂದು ನಿಂತಾಗ ಅವರ ಹಣೆಯಲ್ಲಿ ಬೆವರು. ಆಕೆಯೂ ಹೊಸಬಳು, ಅವರಿಗಿಂತ ಹೆಚ್ಚು ಹೆದರಿದ್ದಳು. “ಸರ್, ಒಂದು ಎರಡು ಮೂರು ಅಂತ ಜೋರಾಗಿ ಎಣಿಸ್ತೀರಾ?” ಎಂದು ಕೇಳಿದಳು. ಅವರು ಎಣಿಸಿದರು. ಎಣಿಸುವ ಕೆಲಸ ತಲೆಯ ಮೇಲೆ ಬಿದ್ದೊಡನೆ ನಾಚುವುದಕ್ಕೆ ಅವರಿಗೆ ಪುರುಸೊತ್ತೇ ಇರಲಿಲ್ಲ! ಧೈರ್ಯ ಬಂದ ಮೇಲೆ ಹೆಜ್ಜೆ ಇಟ್ಟದ್ದಲ್ಲ. ಹೆಜ್ಜೆ ಇಟ್ಟ ಮೇಲೆ ಧೈರ್ಯ ಬಂದದ್ದು.

ತಪ್ಪು ಹೆಜ್ಜೆಗೂ ಈ ಪರಂಪರೆಯಲ್ಲಿ ಗೌರವದ ಜಾಗವುಂಟು. ವಿಯೆನ್ನಾ ನಗರದಲ್ಲಿ ಪ್ರತಿ ಚಳಿಗಾಲವೂ ನೂರಾರು ಬಾಲ್‌ಗಳು ನಡೆಯುತ್ತವೆ. ಆ ನಗರದ ಹದಿಹರೆಯದವರು ಹೆಜ್ಜೆಯನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಲಿಯಲು ನೃತ್ಯಶಾಲೆಗಳಿಗೆ ಹೋಗುವುದು ವಾಡಿಕೆ. ಇಷ್ಟು ಕಲಿತವರ ನಡುವೆಯೂ, ನಡುರಾತ್ರಿಗೆ ಕ್ವಾಡ್ರಿಲ್ ಎಂಬ ಸಾಲುನೃತ್ಯ ಬರುತ್ತದೆ. ಒಬ್ಬರು ಗಟ್ಟಿಯಾಗಿ ಸೂಚನೆ ಕೂಗುತ್ತಾರೆ, ವೇಗ ಏರುತ್ತದೆ, ಸಾಲುಗಳು ತಪ್ಪುತ್ತವೆ, ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುತ್ತಾರೆ. ತಪ್ಪುವುದೇ ಅಲ್ಲಿನ ಸಂತೋಷ. ಒಬ್ಬನ ತಪ್ಪಿಗೆ ಉಳಿದವರು ನಗುವುದು ಬೇರೆ, ಎಲ್ಲರೂ ತಪ್ಪಿ ಎಲ್ಲರೂ ನಗುವುದು ಬೇರೆ.

ನಮ್ಮ ಶಾಲೆಗಳಲ್ಲಿ ನಡೆಯುವುದು ಮೊದಲನೆಯದು. ವಾರ್ಷಿಕೋತ್ಸವಕ್ಕೆ ತಿಂಗಳಿರುವಾಗ ‘ಚೆನ್ನಾಗಿ ಕುಣಿಯುವವರ’ ಆಯ್ಕೆ. ಅರವತ್ತು ಮಕ್ಕಳಲ್ಲಿ ಹನ್ನೆರಡು ಮಂದಿ ಚಲನಚಿತ್ರ ಗೀತೆಗೆ ಕುಣಿಯುತ್ತಾರೆ, ಉಳಿದ ನಲವತ್ತೆಂಟು ಮಂದಿ ಬೆಂಚು ಹೊರುತ್ತಾರೆ. ‘ನಿನಗೆ ಬರುವುದಿಲ್ಲ’ ಎಂಬ ಪ್ರಮಾಣಪತ್ರವನ್ನು ಹದಿಮೂರನೆಯ ವಯಸ್ಸಿಗೇ ಕೈಗಿತ್ತು ಕಳಿಸುತ್ತೇವೆ. ಅವರು ಅದನ್ನು ಅರವತ್ತರವರೆಗೂ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ದೂರದರ್ಶನ ವಾಹಿನಿಗಳ ಸ್ಪರ್ಧೆಗಳು ಇದನ್ನೇ ದೊಡ್ಡದು ಮಾಡಿವೆ: ಪುಟ್ಟ ಮಕ್ಕಳಿಗೆ ತೀರ್ಪುಗಾರರು, ಅಂಕಗಳು, ಕಣ್ಣೀರು. ಕುಣಿಯುವವರು ಹತ್ತು ಮಂದಿ, ನೋಡುವವರು ಕೋಟಿ. ಇದೇ ನಾನು ಹೇಳುವ ಡೊಂಕು ನೆಲ.

1998ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ, ಸಿಬ್ಬಂದಿಯ ಸಭೆಯಲ್ಲಿ ಹಟ ಹಿಡಿದು, ಒಂಬತ್ತನೆಯ ತರಗತಿಯ ಅಷ್ಟೂ ಮಕ್ಕಳಿಗೆ ಮೈದಾನದಲ್ಲಿ ಕೋಲಾಟ ಕಲಿಸಿದೆ. ವೇದಿಕೆಯಿಲ್ಲ, ಕುರ್ಚಿಯಿಲ್ಲ, ಬಹುಮಾನವಿಲ್ಲ. ಎರಡು ಸುತ್ತಿನ ವೃತ್ತ. ಪ್ರತಿ ಎಂಟು ಏಟಿಗೆ ಜೋಡಿ ಬದಲು. ತರಗತಿಯಲ್ಲಿ ಹೆಸರು ಕರೆದರೆ ‘ಹಾಜರ್’ ಎನ್ನಲೂ ತಡವರಿಸುತ್ತಿದ್ದ ಎತ್ತರದ ಹುಡುಗಿಯೊಬ್ಬಳು ಆ ವೃತ್ತದಲ್ಲಿ ಒಂದೇ ಒಂದು ಏಟನ್ನೂ ತಪ್ಪಿಸಲಿಲ್ಲ. ಎರಡನೆಯ ವಾರಕ್ಕೆ ಎಣಿಕೆ ತಪ್ಪಿದವರಿಗೆಲ್ಲ ಅವಳೇ ಗುರುವಾದಳು. ಮರುವರ್ಷ ‘ಇದರಿಂದ ಫಲಿತಾಂಶಕ್ಕೇನು ಲಾಭ?’ ಎಂಬ ಪ್ರಶ್ನೆ ಬಂತು, ಕೋಲಾಟ ನಿಂತಿತು. ಆದರೆ ನಾನು ಕಂಡದ್ದನ್ನು ಯಾರೂ ಅಳಿಸಲಾರರು. ಗೊತ್ತಾದ ಹೆಜ್ಜೆ, ಎದುರಿಗೊಬ್ಬ ಜೊತೆಗಾರ, ಸುತ್ತುವ ವೃತ್ತ, ನೋಡುವವರೇ ಇಲ್ಲದ ಅಂಗಳ: ಇವಿಷ್ಟು ಇದ್ದರೆ ನಾಚಿಕೆ ತಾನಾಗಿ ಕರಗುತ್ತದೆ. ಕೋಲಾಟಕ್ಕೂ ಬಾಲ್‌ರೂಂ ನೃತ್ಯಕ್ಕೂ ಅರ್ಧ ಭೂಮಂಡಲದ ಅಂತರವಿರಬಹುದು, ವಿದ್ಯೆ ಒಂದೇ.

ನಾನು ಒಬ್ಬಳೇ ಹೀಗೆ ಹೇಳುತ್ತಿಲ್ಲ. ಪಿಯರ್ ಡುಲೇನ್ ಎಂಬ ನೃತ್ಯಪಟು 1994ರಿಂದ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಬಾಲ್‌ರೂಂ ನೃತ್ಯದ ಪಾಠಗಳನ್ನು ಆರಂಭಿಸಿದರು. ಆಯ್ದ ಮಕ್ಕಳಿಗಲ್ಲ, ಇಡೀ ತರಗತಿಗೆ. ಆ ಪಾಠಗಳ ಮೇಲೆ 2005ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂತು. ಅದೇ ಡುಲೇನ್ ತಾವು ಹುಟ್ಟಿದ ಜಾಫಾ ಊರಿಗೆ ಹೋಗಿ, ಯಹೂದಿ ಮಕ್ಕಳನ್ನೂ ಪ್ಯಾಲೆಸ್ತೀನಿ ಮಕ್ಕಳನ್ನೂ ಜೋಡಿಗಳಾಗಿ ನಿಲ್ಲಿಸಿ ಕಲಿಸಿದ್ದನ್ನು 2013ರ ‘ಡ್ಯಾನ್ಸಿಂಗ್ ಇನ್ ಜಾಫಾ’ ಚಿತ್ರದಲ್ಲಿ ಕಾಣಬಹುದು. ಮೊದಲಿಗೆ ಕೈ ಮುಟ್ಟಲೂ ಒಲ್ಲದ ಮಕ್ಕಳು ಅವರು. ಅಲ್ಲಿನ ಯುದ್ಧವೇನೂ ಅದರಿಂದ ನಿಲ್ಲಲಿಲ್ಲ. ಆದರೆ ಎದುರಿನವರನ್ನು ಮರ್ಯಾದೆಯಿಂದ ಕೇಳುವುದು, ಒಪ್ಪಿದರೆ ಮೃದುವಾಗಿ ಕೈ ಹಿಡಿಯುವುದು, ಮುಗಿದ ಮೇಲೆ ವಂದಿಸುವುದು, ಇವನ್ನು ಹತ್ತನೆಯ ವಯಸ್ಸಿಗೆ ಕಲಿತ ಹುಡುಗ ಇಪ್ಪತ್ತಕ್ಕೆ ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಕೆಣಕುವುದು ಕಷ್ಟವೆಂದು ನನ್ನ ನಂಬಿಕೆ. ಹುಡುಗರನ್ನೂ ಹುಡುಗಿಯರನ್ನೂ ಎರಡು ಗೋಡೆಗಳ ಪಕ್ಕ ಕೂರಿಸಿ, ಮಾತಾಡಿದರೆ ದಂಡ ಹಾಕಿ, ಆಮೇಲೆ ‘ಸಂಸ್ಕಾರವಿಲ್ಲ’ ಎಂದು ಗೋಳಾಡುವ ನಾವು ಈ ಬಗ್ಗೆ ಸ್ವಲ್ಪ ಯೋಚಿಸಬೇಕು.

ಎರಡು ಮಾತುಗಳನ್ನು ಒಪ್ಪುತ್ತೇನೆ. ಒಲ್ಲೆ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು. ಕೇಳಿದವರು ಕಾರಣ ಕೆದಕಬಾರದು. ಇನ್ನು, ಗಂಡಸೇ ನಡೆಸಬೇಕು ಹೆಂಗಸು ಅನುಸರಿಸಬೇಕು ಎಂಬ ಹಳೆಯ ಕ್ರಮ ನನಗೂ ಪೂರ್ತಿ ಹಿಡಿಸಿಲ್ಲ. ನಮ್ಮ ಮನೆಯ ಹಜಾರದಲ್ಲಿ ಒಂದು ಹಾಡಿಗೆ ಅವರು ನಡೆಸಿದರೆ ಮರುಹಾಡಿಗೆ ನಾನು ನಡೆಸುತ್ತೇನೆ. ಯಾವ ಆಕಾಶವೂ ಕಳಚಿ ಬಿದ್ದಿಲ್ಲ.

ಗೃಹಪ್ರವೇಶದ ಆ ಹಿರಿಯರಂಥವರಿಗೆ ವಿನಯದಿಂದ ಹೇಳುವುದಿಷ್ಟು. ಲಜ್ಜೆ ಬೇರೆ, ಅಂಜಿಕೆ ಬೇರೆ. ಸುಳ್ಳು ಹೇಳುವಾಗ, ಲಂಚಕ್ಕೆ ಕೈ ಚಾಚುವಾಗ, ವರದಕ್ಷಿಣೆಯ ಪಟ್ಟಿ ಬರೆಯುವಾಗ ಬರಬೇಕಾದದ್ದು ಲಜ್ಜೆ. ಅಲ್ಲೆಲ್ಲ ನಮ್ಮ ಸಮಾಜ ನಾಚುವುದನ್ನು ನಾನು ಅಷ್ಟಾಗಿ ಕಂಡಿಲ್ಲ. ಕಟ್ಟಿಕೊಂಡ ಗಂಡನ ಕೈ ಹಿಡಿದು ಮೂರು ಹೆಜ್ಜೆ ಇಡುವಾಗ ಬರುವುದು ಅಂಜಿಕೆ. ಅದನ್ನು ನಮಗೆ ಕಲಿಸಿದವರು ನೀವು, ಮರೆಯುವ ಹಕ್ಕು ನಮ್ಮದು.

ಮುಖ್ಯೋಪಾಧ್ಯಾಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ವಾರಕ್ಕೊಂದು ಅವಧಿ ಕೊಡಿ. ವಾಲ್ಟ್ಸಾದರೂ ಸರಿ, ಕೋಲಾಟವಾದರೂ ಸರಿ. ಇಡೀ ತರಗತಿ ಎದ್ದು ನಿಲ್ಲಲಿ, ಪ್ರೇಕ್ಷಕರು ಬೇಡ, ಬಹುಮಾನ ಬೇಡ. ಮನೆಯಲ್ಲೇ ನಾಚಿಕೊಂಡು ಕುಳಿತಿರುವ ಓದುಗರು ಇಂದು ಸಂಜೆ ಬಾಗಿಲು ಮುಂದೆ ಮಾಡಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ‘ತಕಿಟ’ ಎಂದು ಎಣಿಸುತ್ತಾ ನೆಲದ ಮೇಲೆ ಒಂದು ಚೌಕ ಹಾಕಿ ನೋಡಿ. ಒಪ್ಪದವರು ದಯವಿಟ್ಟು ಬರೆಯಿರಿ, ಉತ್ತರಿಸುತ್ತೇನೆ. ಗುರುವಾರ ಸಂಜೆ ಮಾತ್ರ ಬಿಡುವಿಲ್ಲ, ಅಂದು ನಮಗೆ ಫಾಕ್ಸ್‌ಟ್ರಾಟ್ ತರಗತಿ.